ಕಂಬ ಹತ್ತುವವರಿಗೆ ಅಪಸ್ಮಾರ ಬಂದಾಗ: ಜಿಲ್ಲಾ ಆಸ್ಪತ್ರೆಯ ಬ್ರೈನ್ ಹೆಲ್ತ್ ಕ್ಲಿನಿಕ್ ಹೇಗಿದೆ?

ಅಪಾಯದ ಕೆಲಸದಲ್ಲಿರುವವರಿಗೆ ಅಪಸ್ಮಾರ (ಮೂರ್ಛೆರೋಗ, ಫಿಟ್ಸ್) ಇದೆಯೆಂದು ಹೊಸದಾಗಿ ಗೊತ್ತಾದರೆ ಚಿಕಿತ್ಸೆಗೆ ಎಲ್ಲಿಗೆ ಹೋಗಬೇಕು ಎಂದು ಯಾರಾದರೂ ಕೇಳಿದರೆ ನಾನು ಕೊಡುವ ಉತ್ತರ ಒಂದೇ: ‘ನಿಮ್ಮ ಕೆಲಸ ಏನು, ಅದನ್ನು ಹೇಗೆ ಮಾಡುತ್ತೀರಿ’ ಎಂದು ಕೂರಿಸಿಕೊಂಡು ಕೇಳುವ ವೈದ್ಯರು ಎಲ್ಲಿದ್ದಾರೋ ಅಲ್ಲಿಗೆ. ನಾನು ವಿದ್ಯುತ್ ಸರಬರಾಜು ಕಂಪನಿಯೊಂದರಲ್ಲಿ ಮಾರ್ಗದಾಳು. ಕಂಬ ಹತ್ತುವುದು, 11 ಕೆ.ವಿ. ಮಾರ್ಗದಲ್ಲಿ ದೋಷ ಎಲ್ಲಿದೆಯೆಂದು ಹುಡುಕಿ ಸರಿಪಡಿಸುವುದು, ಟ್ರಾನ್ಸ್‌ಫಾರ್ಮರಿನ ಫ್ಯೂಸ್ ಹಾಕುವುದು ನನ್ನ ನಿತ್ಯದ ಕೆಲಸವಾಗಿತ್ತು. ಕಾಯಿಲೆ ಪತ್ತೆಯಾದ ಮೇಲೆ ಮೊದಲು ಒಂದು ಖಾಸಗಿ ಆಸ್ಪತ್ರೆಯಲ್ಲಿ, ಆಮೇಲೆ ನಮ್ಮ ಜಿಲ್ಲಾ ಆಸ್ಪತ್ರೆಯ ಬ್ರೈನ್ ಹೆಲ್ತ್ ಕ್ಲಿನಿಕ್‌ನಲ್ಲಿ ತೋರಿಸಿಕೊಂಡೆ. ಈ ಬರಹ ಎರಡನೆಯದನ್ನು ಕುರಿತದ್ದು. ಜಿಲ್ಲೆಯ ಹೆಸರನ್ನು ಬರೆಯುತ್ತಿಲ್ಲ. ಚಿಕ್ಕ ಊರಾದ್ದರಿಂದ ಆಸ್ಪತ್ರೆಯ ಹೆಸರು ಹೇಳಿದರೆ ನನ್ನ ಶಾಖೆಯೂ, ಶಾಖೆಯಿಂದ ನಾನೂ ಗುರುತಾಗುವುದು ಕಷ್ಟವಲ್ಲ.

ಈ ಕ್ಲಿನಿಕ್ ಕರ್ನಾಟಕ ಬ್ರೈನ್ ಹೆಲ್ತ್ ಇನಿಶಿಯೇಟಿವ್ ಎಂಬ ಯೋಜನೆಯ ಭಾಗ. ರಾಜ್ಯ ಸರ್ಕಾರವು ನಿಮ್ಹಾನ್ಸ್ ಸಂಸ್ಥೆಯ ಜೊತೆಗೂಡಿ 2022ರಲ್ಲಿ ಇದನ್ನು ಆರಂಭಿಸಿತು. ಪಾರ್ಶ್ವವಾಯು, ಮರೆಗುಳಿತನ, ತಲೆನೋವು ಮತ್ತು ಅಪಸ್ಮಾರದಂತಹ ತೊಂದರೆಗಳಿಗೆ ರೋಗಿಗಳು ಬೆಂಗಳೂರಿನವರೆಗೆ ಅಲೆಯದೆ ತಮ್ಮ ಜಿಲ್ಲೆಯಲ್ಲೇ ಚಿಕಿತ್ಸೆ ಪಡೆಯುವಂತಾಗಬೇಕು ಎಂಬುದು ಇದರ ಹಿಂದಿನ ಆಲೋಚನೆ. ನಮ್ಮಲ್ಲಿ ಅದು ಹಳೆಯ ಕಟ್ಟಡದ ನೆಲಮಹಡಿಯ ಎರಡು ಕೋಣೆಗಳಲ್ಲಿ ನಡೆಯುತ್ತದೆ. ಒಬ್ಬ ವೈದ್ಯರು, ಒಬ್ಬ ಮನಶ್ಶಾಸ್ತ್ರಜ್ಞೆ, ಒಬ್ಬ ನರ್ಸಮ್ಮ ಮತ್ತು ಚೀಟಿ ಬರೆಯುವ ಸಂಯೋಜಕರು ಇದ್ದಾರೆ. ಹೊರಗಿನಿಂದ ನೋಡಿದರೆ ಖಾಸಗಿ ಆಸ್ಪತ್ರೆಯ ಗಾಜಿನ ಬಾಗಿಲಿನ ಮುಂದೆ ಇದು ಏನೇನೂ ಅಲ್ಲ.

ಖಾಸಗಿ ಆಸ್ಪತ್ರೆಯಲ್ಲಿ ನನಗೆ ಅನ್ಯಾಯವಾಯಿತೆಂದು ಹೇಳಲಾರೆ. ಎಂ.ಆರ್.ಐ. ಸ್ಕ್ಯಾನ್ ಮತ್ತು ಮೆದುಳಿನ ವಿದ್ಯುತ್ ಚಟುವಟಿಕೆಯನ್ನು ದಾಖಲಿಸುವ ಇ.ಇ.ಜಿ. ಒಂದೇ ದಿನದಲ್ಲಿ ಮುಗಿದವು, ಸರಿಯಾದ ಮಾತ್ರೆಯನ್ನೇ ಬರೆದುಕೊಟ್ಟರು. ಆದರೆ ಅಲ್ಲಿ ವೈದ್ಯರು ನೋಡಿದ್ದು ಪರದೆಯನ್ನು. ಎದ್ದು ಬರುವಾಗ ‘ಎತ್ತರಕ್ಕೆಲ್ಲ ಹತ್ತಬೇಡಿ’ ಎಂದರು. ಕಂಬ ಹತ್ತಿಯೇ ಸಂಬಳ ಎಣಿಸುವವನು ಆ ಒಂದು ವಾಕ್ಯವನ್ನು ಹಿಡಿದುಕೊಂಡು ಮಾರನೆಯ ದಿನ ಕಚೇರಿಯಲ್ಲಿ ಯಾರ ಮುಂದೆ ನಿಲ್ಲಬೇಕು, ಏನೆಂದು ಹೇಳಬೇಕು ಎಂಬುದಕ್ಕೆ ಅವರ ಚೀಟಿಯಲ್ಲಿ ಜಾಗವಿರಲಿಲ್ಲ.

ಬ್ರೈನ್ ಹೆಲ್ತ್ ಕ್ಲಿನಿಕ್‌ನ ವೈದ್ಯರು ನನ್ನ ಫೈಲನ್ನು ಬದಿಗಿಟ್ಟು ಮೊದಲು ಮಾತನಾಡಿಸಿದ್ದು ನನ್ನ ಹೆಂಡತಿಯನ್ನು, ಆಮೇಲೆ ಜೊತೆಗೆ ಬಂದಿದ್ದ ನಮ್ಮ ಗ್ಯಾಂಗಿನ ಹುಡುಗನನ್ನು. ಫಿಟ್ಸ್ ಬಂದವನಿಗೆ ಆ ಹೊತ್ತಿನ ನೆನಪು ಇರುವುದಿಲ್ಲವಾದ್ದರಿಂದ ಕಣ್ಣಾರೆ ಕಂಡವರ ಮಾತೇ ಯಂತ್ರಕ್ಕಿಂತ ಹೆಚ್ಚು ಬೆಲೆಯ ಸಾಕ್ಷ್ಯ ಎಂದು ಅವರು ವಿವರಿಸಿದರು. ಯಾವ ಕಡೆಗೆ ಕತ್ತು ತಿರುಗಿತು, ಯಾವ ಕೈ ಮೊದಲು ಸೆಟೆಯಿತು, ಬಾಯಿ ಚಪ್ಪರಿಸುವಂತೆ ಮಾಡಿದನೇ, ಎಚ್ಚರ ಬಂದ ಮೇಲೆ ಎಷ್ಟು ಹೊತ್ತು ಮಂಕಾಗಿದ್ದ ಎಂದೆಲ್ಲ ಕೇಳಿದರು. ಬಳಿಕ ನನ್ನನ್ನು ಕೇಳಿದ ಪ್ರಶ್ನೆ ಬೇರೆಯೇ ಇತ್ತು: ಹೊಟ್ಟೆಯೊಳಗಿಂದ ಏನೋ ಎದ್ದು ಗಂಟಲಿಗೆ ಬಂದಂತಾಗಿ, ಒಂದೆರಡು ಕ್ಷಣ ಎದುರಿನವರ ಮಾತು ಕೇಳಿಸಿದರೂ ತಿಳಿಯದಂತಾಗುವುದು ಹಿಂದೆ ಯಾವಾಗಲಾದರೂ ಆಗಿದೆಯೇ? ಆಗಿತ್ತು. ನಮ್ಮ ಕಡೆ ಅಂಥದ್ದಕ್ಕೆಲ್ಲ ಗ್ಯಾಸ್ಟ್ರಿಕ್ ಎಂದು ಹೇಳಿ ಜೀರಿಗೆ ಕಷಾಯ ಕುಡಿಸುವುದು ರೂಢಿ. ಅವು ಮೆದುಳಿನ ಒಂದು ಭಾಗಕ್ಕೆ ಸೀಮಿತವಾದ ಸಣ್ಣ ಫಿಟ್ಸ್‌ಗಳೆಂದೂ, ಆ ವಿದ್ಯುತ್ ಏರುಪೇರು ಇಡೀ ಮೆದುಳಿಗೆ ಹರಡಿದ ದಿನವೇ ನಾನು ನೆಲಕ್ಕುರುಳಿದ್ದೆಂದೂ ತಿಳಿದದ್ದು ಆ ಕೋಣೆಯಲ್ಲಿ.

ವರದಿಗಳನ್ನು ಅರ್ಥ ಮಾಡಿಸುವ ವಿಷಯದಲ್ಲಿಯೂ ಕ್ಲಿನಿಕ್‌ಗೆ ಪೂರ್ಣ ಅಂಕ ಕೊಡಬಹುದು. ನನ್ನ ಇ.ಇ.ಜಿ.ಯಲ್ಲಿ ಏನೂ ಕಾಣಿಸಿರಲಿಲ್ಲ. ಅದನ್ನೇ ಹಿಡಿದುಕೊಂಡು ‘ನಿನಗೆ ಏನೂ ಇಲ್ಲ, ಮಾತ್ರೆ ಬಿಡು’ ಎಂದು ನೆಂಟರಿಷ್ಟರು ಹೇಳತೊಡಗಿದ್ದರು. ಇ.ಇ.ಜಿ. ಆ ಅರ್ಧ ಗಂಟೆಯ ಮೆದುಳಿನ ಚಟುವಟಿಕೆಯನ್ನು ಮಾತ್ರ ದಾಖಲಿಸುತ್ತದೆಂದೂ, ಅಪಸ್ಮಾರ ಇರುವ ಎಷ್ಟೋ ಮಂದಿಗೆ ಮೊದಲ ಪರೀಕ್ಷೆ ಸರಿಯಾಗಿಯೇ ಬರುತ್ತದೆಂದೂ, ಕಾಯಿಲೆ ಇದೆಯೋ ಇಲ್ಲವೋ ಎಂಬುದು ಮುಖ್ಯವಾಗಿ ನಡೆದ ಘಟನೆಗಳ ವಿವರದ ಮೇಲೆ ನಿಂತಿದೆಯೆಂದೂ ವೈದ್ಯರು ಹೇಳಿದರು. ಎಂ.ಆರ್.ಐ.ಯಲ್ಲಿ ಕಂಡದ್ದು ಸುಣ್ಣಗಟ್ಟಿದ ಒಂದು ಸಣ್ಣ ಚುಕ್ಕೆ: ಲಾಡಿಹುಳುವಿನ ಮರಿ ಮೆದುಳಿಗೆ ಸೇರಿ, ಸತ್ತು, ಉಳಿಸಿದ ಗುರುತು. ನಾವು ಮಾಂಸ ತಿನ್ನುವವರಲ್ಲವಲ್ಲ ಎಂದು ನನ್ನ ಹೆಂಡತಿ ಕೇಳಿದಳು. ಸರಿಯಾಗಿ ತೊಳೆಯದ ಸೊಪ್ಪು ತರಕಾರಿಯಿಂದ, ಕಲುಷಿತ ನೀರಿನಿಂದ ಹುಳುವಿನ ಮೊಟ್ಟೆ ಯಾರ ಹೊಟ್ಟೆಗಾದರೂ ಸೇರಬಹುದು, ಸಸ್ಯಾಹಾರಿಗಳೂ ಅದಕ್ಕೆ ಹೊರತಲ್ಲ ಎಂಬ ಉತ್ತರ ಬಂತು. ಸುಣ್ಣಗಟ್ಟಿದ ಚುಕ್ಕೆಗೆ ಹುಳುವಿನ ಔಷಧ ಬೇಡ, ಫಿಟ್ಸ್ ತಡೆಯುವ ಮಾತ್ರೆ ಸಾಕು ಎಂದು ಹೇಳಿ ಒಂದು ಅನಗತ್ಯ ಖರ್ಚನ್ನೂ ತಪ್ಪಿಸಿದರು.

ಈಗ ಈ ಸೇವೆಯ ತಿರುಳಿಗೆ ಬರುತ್ತೇನೆ. ವೈದ್ಯರು ಕಾಗದವೊಂದನ್ನು ತೆಗೆದುಕೊಂಡು ನನ್ನ ಕೆಲಸದ ದಿನವನ್ನು ಬೆಳಗಿನಿಂದ ರಾತ್ರಿಯವರೆಗೆ ಹೇಳಿಸಿ ಬರೆದುಕೊಂಡರು. ಕಂಬ ಎಷ್ಟು ಎತ್ತರ, ಸೊಂಟದ ಬೆಲ್ಟ್ ಮಾತ್ರವೇ ಅಥವಾ ಇಡೀ ಮೈಗೆ ಹಾಕುವ ಹಾರ್ನೆಸ್ ಇದೆಯೇ, ಸ್ಥಳಕ್ಕೆ ಹೋಗುವುದು ಬೈಕಿನಲ್ಲೋ ಜೀಪಿನಲ್ಲೋ, ಮಳೆಗಾಲದ ರಾತ್ರಿ ಪಾಳಿ ಎಷ್ಟು, ಒಬ್ಬನೇ ಹೋಗುವ ಪ್ರಸಂಗ ಬರುತ್ತದೆಯೇ ಎಂದು ಒಂದೊಂದಾಗಿ ಕೇಳಿದರು. ನಮ್ಮ ಕಡೆಯ ಎಂಟು, ಒಂಬತ್ತು ಮೀಟರಿನ ಸಿಮೆಂಟ್ ಕಂಬದ ತುದಿಯಲ್ಲಿ ಎಚ್ಚರ ತಪ್ಪಿದರೆ ಬೆಲ್ಟ್ ಮನುಷ್ಯನನ್ನು ಬೀಳದಂತೆ ತಡೆಯಬಹುದು. ಆದರೆ ಪ್ರಜ್ಞೆಯಿಲ್ಲದೆ ಅಲ್ಲೇ ನೇತಾಡುವವನನ್ನು ಕೆಳಗಿಳಿಸಲು ಶಾಖೆಯಲ್ಲಿ ಇರುವುದು ಒಂದು ಏಣಿ ಮತ್ತು ಒಂದು ಹಗ್ಗ. ಇಷ್ಟನ್ನು ಯಾವ ವೈದ್ಯರಾದರೂ ಊಹಿಸಿಯಾರು. ಇವರು ಅಲ್ಲಿಗೆ ನಿಲ್ಲಿಸಲಿಲ್ಲ. ಲೈನ್ ಕ್ಲಿಯರ್, ಅಂದರೆ ಮಾರ್ಗದ ವಿದ್ಯುತ್ ನಿಲ್ಲಿಸಿ ಕೆಲಸಕ್ಕೆ ಕೊಡುವ ಅನುಮತಿ, ತೆಗೆದುಕೊಳ್ಳುವವರು ಯಾರು, ವಾಪಸು ಕೊಡುವವರು ಯಾರು ಎಂದು ವಿಚಾರಿಸಿದರು.

ಹೊರಗಿನವರಿಗೆ ಇದರ ತೂಕ ತಿಳಿಯಲೆಂದು ಸ್ವಲ್ಪ ವಿವರಿಸುತ್ತೇನೆ. ಮಾರ್ಗದ ಮೇಲೆ ಕೆಲಸ ಶುರು ಮಾಡುವ ಮೊದಲು ಉಪಕೇಂದ್ರದಿಂದ ಆ ಫೀಡರಿನ (ಅಲ್ಲಿಂದ ಹೊರಡುವ ಮಾರ್ಗದ) ವಿದ್ಯುತ್ತನ್ನು ನಿಲ್ಲಿಸಿಕೊಂಡು, ಸ್ವಿಚ್ ತೆರೆದು, ಉಳಿದ ವಿದ್ಯುತ್ ನೆಲಕ್ಕೆ ಹರಿಯುವಂತೆ ಡಿಸ್ಚಾರ್ಜ್ ರಾಡ್ ಹಾಕಿ ಅರ್ತ್ ಮಾಡಿಕೊಳ್ಳುತ್ತೇವೆ; ಕೆಲಸ ಮುಗಿದು ಎಲ್ಲರೂ ಕೆಳಗಿಳಿದರೆಂದು ಖಾತ್ರಿಯಾದ ಮೇಲೆ ಲೈನ್ ಕ್ಲಿಯರ್ ಪಡೆದ ವ್ಯಕ್ತಿಯೇ ಅದನ್ನು ಹಿಂದಿರುಗಿಸಬೇಕು. ಕಂಬದ ಮೇಲಿರುವವನ ಜೀವ ಫೋನು ಹಿಡಿದು ಕೆಳಗೆ ನಿಂತವನ ನೆನಪಿನಲ್ಲಿ ಇರುತ್ತದೆ. ಯಾರು ಇಳಿದಿದ್ದಾರೆ, ಯಾರು ಇನ್ನೂ ಮೇಲಿದ್ದಾರೆ ಎಂಬ ಲೆಕ್ಕದ ನಡುವೆ ಕೆಲವು ಸೆಕೆಂಡು ಮನಸ್ಸು ಖಾಲಿಯಾಗಿ, ಆ ಖಾಲಿಯಾದದ್ದೂ ಅವನಿಗೆ ಗೊತ್ತಾಗದಿದ್ದರೆ, ಸಾಯುವವನು ಬೇರೆ ಯಾರೋ ಆಗಬಹುದು. ‘ಹತ್ತುವುದಿಲ್ಲ ಬಿಡಿ ಸಾರ್, ಕೆಳಗೆ ನಿಂತು ಮೇಲ್ವಿಚಾರಣೆ ನೋಡಿಕೊಳ್ಳುತ್ತೇನೆ’ ಎಂದು ನಾನು ಸೂಚಿಸಿದ್ದಕ್ಕೆ ವೈದ್ಯರು ಒಪ್ಪದೆ ಹೋದದ್ದು ಈ ಕಾರಣಕ್ಕೆ. ಆ ಕ್ಷಣದಲ್ಲಿ ಬೇಸರವಾದರೂ, ನನ್ನ ವೃತ್ತಿಯ ಅಪಾಯವನ್ನು ನನ್ನ ಅನೇಕ ಮೇಲಧಿಕಾರಿಗಳಿಗಿಂತ ಸ್ಪಷ್ಟವಾಗಿ ಗ್ರಹಿಸಿದವರು ಬಿಳಿ ಕೋಟಿನ ಈ ಮನುಷ್ಯ ಎಂದು ಅನ್ನಿಸದೆ ಇರಲಿಲ್ಲ.

ಅವರು ನನ್ನ ಕಚೇರಿಗೆಂದು ಬರೆದುಕೊಟ್ಟ ಪತ್ರ ಒಂದೂವರೆ ಪುಟದ್ದು. ‘ಕೆಲಸಕ್ಕೆ ಅನರ್ಹ’ ಎಂಬ ಮಾತು ಅದರಲ್ಲಿ ಎಲ್ಲಿಯೂ ಇಲ್ಲ. ಎತ್ತರದ ಕೆಲಸ, ವಿದ್ಯುತ್ ಹರಿಯುತ್ತಿರುವ ಮಾರ್ಗದ ಬಳಿ ಕೆಲಸ, ವಾಹನ ಚಾಲನೆ, ಲೈನ್ ಕ್ಲಿಯರಿನ ಜವಾಬ್ದಾರಿ, ಒಬ್ಬನೇ ಮಾಡುವ ಕೆಲಸ ಮತ್ತು ರಾತ್ರಿ ಪಾಳಿ, ಇವಿಷ್ಟನ್ನು ಸದ್ಯಕ್ಕೆ ಕೊಡಬಾರದು. ದೂರು ದಾಖಲೆ, ಉಗ್ರಾಣ, ಗ್ರಾಹಕ ಸೇವೆ, ದಾಖಲೆಪತ್ರಗಳ ಕೆಲಸವನ್ನು ಯಾವ ಅಡ್ಡಿಯೂ ಇಲ್ಲದೆ ಮಾಡಬಲ್ಲರು. ಇಂಥ ತಿಂಗಳಲ್ಲಿ ಮರುಪರಿಶೀಲನೆ ಮಾಡಿ ಮತ್ತೆ ಬರೆಯಲಾಗುವುದು ಎಂದು ಅದರಲ್ಲಿತ್ತು. ಇಂಥ ಪತ್ರಕ್ಕೂ ಒಂದು ಸಾಲಿನ ‘ಅನ್‌ಫಿಟ್’ ಸರ್ಟಿಫಿಕೇಟಿಗೂ ಕಚೇರಿಯಲ್ಲಿ ಎಷ್ಟು ವ್ಯತ್ಯಾಸವಾಗುತ್ತದೆ ಎಂಬುದು ಸರ್ಕಾರಿ ನೌಕರರಿಗೆ ಹೇಳಬೇಕಾಗಿಲ್ಲ. ಒಂದು ಸಾಲಿನ ಸರ್ಟಿಫಿಕೇಟು ಬಂದ ಕಡತವು ನೇರವಾಗಿ ವೈದ್ಯಕೀಯ ಮಂಡಳಿಯ ಕಡೆಗೆ ಮುಖ ಮಾಡುತ್ತದೆ; ಕೆಲಸಗಳನ್ನು ಬಿಡಿಸಿ ಬರೆದ ಪತ್ರವನ್ನು ಶಾಖಾಧಿಕಾರಿಯು ತನ್ನ ಹಂತದಲ್ಲೇ ಜಾರಿಗೆ ತರಬಹುದು. ನನ್ನನ್ನು 1912 ಎಂಬ ವಿದ್ಯುತ್ ಸಹಾಯವಾಣಿಗೆ ಬರುವ ದೂರುಗಳನ್ನು ಶಾಖೆಯಲ್ಲಿ ಹಂಚುವ ಮೇಜಿಗೆ ಕೂರಿಸಲು ಅದು ಸಾಕಾಯಿತು.

2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 20ನೇ ಕಲಮಿನ ಪ್ರಕಾರ, ಸರ್ಕಾರಿ ಸಂಸ್ಥೆಯ ನೌಕರನು ಸೇವೆಯಲ್ಲಿದ್ದಾಗ ಅಂಗವೈಕಲ್ಯಕ್ಕೆ ಒಳಗಾದರೆ ಅವನನ್ನು ತೆಗೆದುಹಾಕುವಂತಿಲ್ಲ, ದರ್ಜೆ ಇಳಿಸುವಂತಿಲ್ಲ. ಹಳೆಯ ಹುದ್ದೆಗೆ ಒಗ್ಗದಿದ್ದರೆ ಅದೇ ವೇತನ ಶ್ರೇಣಿಯ ಬೇರೆ ಹುದ್ದೆಗೆ ಬದಲಾಯಿಸಬೇಕು. ಆದರೆ ಆ ಕಾಯ್ದೆಯ ಅನುಸೂಚಿಯಲ್ಲಿ ಅಪಸ್ಮಾರದ ಹೆಸರು ಪ್ರತ್ಯೇಕವಾಗಿ ಇಲ್ಲ. ಹೀಗಾಗಿ ಕಾಯ್ದೆಯ ಪುಸ್ತಕ ಹಿಡಿದು ವಾದಕ್ಕೆ ಇಳಿಯುವುದಕ್ಕಿಂತ, ಯಾವ ಕೆಲಸ ಸಲ್ಲ, ಯಾವ ಕೆಲಸ ಸಲ್ಲುತ್ತದೆ ಎಂದು ವೈದ್ಯರ ಕೈಯಲ್ಲಿ ಬರೆಸಿ ತರುವುದೇ ಗಟ್ಟಿಯಾದ ದಾರಿ ಎಂಬುದು ನನ್ನ ಅಭಿಪ್ರಾಯ. ಪಾಳಿಯ ಭತ್ಯೆ ಮತ್ತು ಹೆಚ್ಚುವರಿ ದುಡಿಮೆಯ ಹಣ ನಿಂತುಹೋಗುವುದನ್ನು ಯಾವ ಪತ್ರವೂ ತಪ್ಪಿಸಲಾರದು. ಆ ಕೊರತೆಗೆ ಮನೆಯಲ್ಲಿ ಮೊದಲೇ ಲೆಕ್ಕ ಹಾಕಿಕೊಂಡಿರಬೇಕು.

ಮಾತ್ರೆಗಳ ಬಗ್ಗೆ. ನನಗೆ ಕೊಟ್ಟಿರುವುದು ಲೆವೆಟಿರಾಸಿಟಮ್, ಹನ್ನೆರಡು ಗಂಟೆಯ ಅಂತರದಲ್ಲಿ ದಿನಕ್ಕೆ ಎರಡು ಬಾರಿ. ಆಸ್ಪತ್ರೆಯ ಔಷಧಾಲಯದಲ್ಲಿ ಉಚಿತವಾಗಿ ಸಿಗುತ್ತದೆ, ಸಿಗದ ತಿಂಗಳಲ್ಲಿ ಜನೌಷಧಿ ಕೇಂದ್ರದಲ್ಲಿ ಕಡಿಮೆ ಬೆಲೆಗೆ ಕೊಳ್ಳಬಹುದು. ಮೊದಲ ವಾರಗಳಲ್ಲಿ ಮಂಪರು, ಅದಕ್ಕಿಂತ ಹೆಚ್ಚಾಗಿ ಸಿಡುಕು. ತಟ್ಟೆ ಇಟ್ಟ ಸದ್ದಿಗೂ ಕೋಪ ಬರುವಷ್ಟು. ಇದು ಕೆಲಸ ಹೋದೀತೆಂಬ ಚಿಂತೆಯಿಂದ ಬಂದದ್ದೆಂದು ಮನೆಯವರು ತಿಳಿದಿದ್ದರು. ಈ ಮಾತ್ರೆಗೆ ಅಂಥದ್ದೊಂದು ಗುಣವಿದೆ ಎಂದು ಗುರುತಿಸಿದವರು ಕ್ಲಿನಿಕ್‌ನ ಮನಶ್ಶಾಸ್ತ್ರಜ್ಞೆ. ಅವರು ವೈದ್ಯರಿಗೆ ತಿಳಿಸಿ ಪ್ರಮಾಣವನ್ನು ಸರಿಪಡಿಸಿದ ಮೇಲೆ ಮನೆಯ ವಾತಾವರಣ ತಿಳಿಯಾಯಿತು. ಸ್ವಂತ ಬುದ್ಧಿಯಿಂದ ಮಾತ್ರೆಯನ್ನು ಥಟ್ಟನೆ ನಿಲ್ಲಿಸಿದರೆ ಫಿಟ್ಸ್ ಮೊದಲಿಗಿಂತ ಜೋರಾಗಿ ಮರುಕಳಿಸಬಹುದು ಎಂಬ ಎಚ್ಚರಿಕೆಯನ್ನು ಪ್ರತಿ ಭೇಟಿಯಲ್ಲೂ ಕೊಡುತ್ತಾರೆ. ಉಚಿತ ಮಾತ್ರೆ ಎಂದರೆ ಕಳಪೆ ಎಂದು ಮೂಗು ಮುರಿಯುವವರಿಗೆ ಒಂದು ಮಾತು: ಬೆಂಗಳೂರಿನ ನರರೋಗ ತಜ್ಞ ಡಾ. ಕೆ. ಎಸ್. ಮಣಿ ಮತ್ತು ಸಂಗಡಿಗರು ನಮ್ಮದೇ ರಾಜ್ಯದ ಯಳಂದೂರಿನ ಹಳ್ಳಿಗಳಲ್ಲಿ ಫಿನೋಬಾರ್ಬಿಟಲ್, ಫೆನಿಟಾಯಿನ್‌ಗಳಂತಹ ಹಳೆಯ, ಅಗ್ಗದ ಔಷಧಗಳನ್ನೇ ಕೊಟ್ಟು ವರ್ಷಗಟ್ಟಲೆ ಗಮನಿಸಿ, ಅವುಗಳಿಂದ ಕಾಯಿಲೆಯನ್ನು ಹತೋಟಿಗೆ ತರಬಹುದೆಂದು ತೋರಿಸಿದರು. ಆ ಅಧ್ಯಯನ 2001ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟವಾಯಿತು. ಸರಿಯಾಗಿ ಪತ್ತೆಮಾಡಿ ಚಿಕಿತ್ಸೆ ಕೊಟ್ಟರೆ ಶೇಕಡಾ 70ರಷ್ಟು ಮಂದಿ ಫಿಟ್ಸ್ ಇಲ್ಲದೆ ಬಾಳಬಲ್ಲರು ಎಂದು ವಿಶ್ವ ಆರೋಗ್ಯ ಸಂಸ್ಥೆಯೂ ಹೇಳುತ್ತದೆ.

ನರ್ಸಮ್ಮ ನಡೆಸುವ ಪ್ರಥಮ ಚಿಕಿತ್ಸೆಯ ಪಾಠ ಚಿಕ್ಕದು, ಆದರೆ ಚೊಕ್ಕವಾಗಿದೆ. ಫಿಟ್ಸ್ ಬಂದವರನ್ನು ಒಂದು ಮಗ್ಗುಲಿಗೆ ಮಲಗಿಸಬೇಕು, ಕತ್ತಿನ ಬಳಿಯ ಬಟ್ಟೆ ಸಡಿಲಿಸಬೇಕು, ಗಡಿಯಾರ ನೋಡಿಕೊಳ್ಳಬೇಕು, ಐದು ನಿಮಿಷ ಮೀರಿದರೆ 108ಕ್ಕೆ ಕರೆ ಮಾಡಬೇಕು. ಬಾಯಿಗೆ ಚಮಚ ತುರುಕಬಾರದು, ನೀರು ಹಾಕಬಾರದು, ಕೈಕಾಲು ಅದುಮಿ ಹಿಡಿಯಬಾರದು. ಕೈಗೆ ಕಬ್ಬಿಣದ ಬೀಗದ ಕೈ ಕೊಡುವುದರಿಂದ, ಈರುಳ್ಳಿ ಮೂಸಿಸುವುದರಿಂದ ಏನೂ ಆಗುವುದಿಲ್ಲ. ಫಿಟ್ಸ್ ತಾನಾಗಿಯೇ ನಿಲ್ಲುವ ಹೊತ್ತಿಗೆ ಕೈಯಲ್ಲಿ ಬೀಗದ ಕೈ ಇತ್ತು ಎಂಬುದಷ್ಟೇ ಆ ನಂಬಿಕೆಗೆ ಆಧಾರ. ಸ್ನಾನದ ಕೋಣೆಯ ಚಿಲಕ ಹಾಕಬೇಡಿ ಎಂದೂ, ತೀರಾ ಬಿಸಿಯಾದ ನೀರನ್ನು ಚೊಂಬಿನಿಂದ ನೆತ್ತಿಯ ಮೇಲೆ ಒಂದೇ ಸಮನೆ ಸುರಿದುಕೊಳ್ಳಬೇಡಿ ಎಂದೂ ಅವರು ಹೇಳುತ್ತಾರೆ. ಎರಡನೆಯ ಮಾತನ್ನು ಕೇಳಿ ನಗು ಬಂದಿತ್ತು, ಆದರೆ ಬಿಸಿನೀರಿನ ಸ್ನಾನದಿಂದಲೇ ಫಿಟ್ಸ್ ಬರುವ ಒಂದು ಬಗೆಯ ಅಪಸ್ಮಾರವಿದ್ದು, ಅದು ದಕ್ಷಿಣ ಕರ್ನಾಟಕದಲ್ಲಿ ಎದ್ದುಕಾಣುವಷ್ಟು ಇದೆಯೆಂದು ನಿಮ್ಹಾನ್ಸ್‌ನ ವೈದ್ಯರು ವರದಿ ಮಾಡಿದ್ದಾರಂತೆ. ಪಾಠವನ್ನು ಮನೆಯವರಿಗೆ ಮಾತ್ರ ಹೇಳಿಕೊಡುತ್ತಾರೆ ಎಂಬುದು ಕೊರತೆ. ಎಚ್ಚರವಿದ್ದ ಹೊತ್ತಿನ ಹೆಚ್ಚಿನ ಭಾಗವನ್ನು ನಾವು ಕಳೆಯುವುದು ಗ್ಯಾಂಗಿನವರ ಜೊತೆ. ಅವರಿಗೂ ತಿಳಿಸಲು ತಿಂಗಳಿಗೊಮ್ಮೆ ಯಾರಾದರೂ ಕಚೇರಿಗಳಿಗೆ ಬಂದರೆ ಚೆನ್ನಾಗಿತ್ತು.

ಬೈಕಿನ ವಿಷಯದಲ್ಲಿ ಕ್ಲಿನಿಕ್ ಕಡ್ಡಿ ಮುರಿದಂತೆ ಮಾತನಾಡುತ್ತದೆ. ಚಾಲನಾ ಪರವಾನಗಿಗೆ ಅರ್ಜಿ ಹಾಕುವಾಗ ಕೊಡುವ ನಮೂನೆ 1ರ ಸ್ವಯಂ ಘೋಷಣೆಯಲ್ಲಿ ಅಪಸ್ಮಾರದ ಬಗ್ಗೆ ನೇರ ಪ್ರಶ್ನೆಯೇ ಇದೆ, ಮತ್ತು ಅದಕ್ಕೆ ಸುಳ್ಳು ಹೇಳಿಸುವ ಕೆಲಸಕ್ಕೆ ಇಲ್ಲಿ ಯಾರೂ ಕೈ ಹಾಕುವುದಿಲ್ಲ. ಹಳ್ಳಿಗಾಡಿನ ಮಾರ್ಗದಾಳಿಗೆ ಬೈಕು ಬಿಡುವುದು ಕಂಬ ಬಿಡುವುದಕ್ಕಿಂತ ಕಷ್ಟ ಎಂಬುದನ್ನು ಮಾತ್ರ ಅವರು ಇನ್ನೂ ಪೂರ್ತಿಯಾಗಿ ಅರಿತಂತಿಲ್ಲ.

ಇನ್ನು ದೂರುಗಳು. ಹೊಸ ರೋಗಿಗಳನ್ನು ನೋಡುವ ದಿನ ವಾರಕ್ಕೆ ಒಂದೇ ಆದ್ದರಿಂದ ನೂಕುನುಗ್ಗಲು ಸಹಜ. ಕೂರಲು ಬೆಂಚು ಸಾಲದು, ಮಧ್ಯಾಹ್ನದವರೆಗೆ ಕಾಯಬೇಕು. ಇ.ಇ.ಜಿ.ಗೆ ದಿನ ಸಿಗಲು ವಾರಗಳೇ ಹಿಡಿಯುತ್ತವೆ. ಇದೆಲ್ಲವನ್ನೂ ಸಹಿಸಬಹುದು. ಸಹಿಸಲಾಗದ್ದು ಹೆಸರು ಕೂಗುವ ರೀತಿ. ಮೊಗಸಾಲೆಯಲ್ಲಿ ನೂರಾರು ಜನರ ನಡುವೆ ರೋಗಿಯ ಹೆಸರನ್ನೂ ‘ಫಿಟ್ಸ್ ಕೇಸು’ ಎಂಬ ವಿಶೇಷಣವನ್ನೂ ಒಟ್ಟಿಗೆ ಕೂಗುತ್ತಾರೆ. ಮದುವೆಯ ವಯಸ್ಸಿಗೆ ಬಂದ ಮಗಳನ್ನು ಕರೆದುಕೊಂಡು ಬಂದಿದ್ದ ತಾಯಿಯೊಬ್ಬರು ಆ ಕೂಗು ಕೇಳಿ ಎದ್ದು ಹೊರಟುಹೋದದ್ದನ್ನು ನಾನೇ ನೋಡಿದೆ. ಮದುವೆಗೆ ಅಡ್ಡಿಯೆಂದು ವಿವಾಹ ಕಾನೂನಿನಲ್ಲಿದ್ದ ಅಪಸ್ಮಾರದ ಉಲ್ಲೇಖವನ್ನು 1999ರ ತಿದ್ದುಪಡಿ ತೆಗೆದುಹಾಕಿದೆ, ಆದರೆ ಬೀಗರ ಕಿವಿಗೆ ಯಾವ ತಿದ್ದುಪಡಿಯೂ ತಲುಪುವುದಿಲ್ಲ. ಚೀಟಿಯ ಸಂಖ್ಯೆಯನ್ನು ಕೂಗಲು ಒಂದು ರೂಪಾಯಿಯೂ ಖರ್ಚಾಗುವುದಿಲ್ಲ. ಇದನ್ನು ಸಲಹಾ ಪೆಟ್ಟಿಗೆಗೆ ಬರೆದು ಹಾಕಿದ್ದೇನೆ.

ಗುತ್ತಿಗೆಯ ಗ್ಯಾಂಗಿನಲ್ಲಿ ದುಡಿಯುವ ಹುಡುಗರಿಗೆ ಈ ಸೇವೆಯನ್ನು ನಾನು ಇಷ್ಟೇ ನಿಸ್ಸಂಕೋಚವಾಗಿ ಶಿಫಾರಸು ಮಾಡಲಾರೆ. ನನ್ನ ಪತ್ರ ಫಲ ಕೊಟ್ಟದ್ದು ನಾನು ಕಾಯಂ ನೌಕರನಾಗಿದ್ದರಿಂದ, ಅದನ್ನು ಸ್ವೀಕರಿಸಿ ಮೊಹರು ಒತ್ತುವ ಟಪಾಲು ವಿಭಾಗ ಇದ್ದುದರಿಂದ. ಅಂಥದೇ ಪತ್ರವನ್ನು ಗುತ್ತಿಗೆದಾರನ ಕೈಗೆ ಕೊಟ್ಟರೆ ಮಾರನೆಯ ದಿನದಿಂದ ಬರಬೇಡ ಎನ್ನುತ್ತಾನೆ. ವೈದ್ಯರಿಗೆ ಇದು ಗೊತ್ತಿದೆ. ಗುತ್ತಿಗೆ ನೌಕರರಿಗೆ ಪತ್ರ ಬರೆಯುವ ಮೊದಲು ‘ಇದನ್ನು ಯಾರಿಗೆ ಕೊಡುತ್ತೀರಿ, ಕೊಟ್ಟರೆ ಏನಾದೀತು’ ಎಂದು ಕೇಳುತ್ತಾರೆ. ಆದರೂ ಕಂಬವನ್ನಂತೂ ಹತ್ತಬೇಡಿ ಎಂದು ಹೇಳಿ ಕಳಿಸುವುದರ ಆಚೆಗೆ ಅವರ ಬಳಿ ಏನೂ ಇಲ್ಲ. ಅಂಥವರು ಚಿಕಿತ್ಸೆಗೆ ಖಂಡಿತ ಹೋಗಬೇಕು. ಕೆಲಸದ ರಕ್ಷಣೆಗೆ ಮಾತ್ರ ಸಂಘದವರನ್ನೋ ಕಾರ್ಮಿಕ ಇಲಾಖೆಯನ್ನೋ ಜೊತೆಗೇ ಕಾಣಬೇಕಾಗುತ್ತದೆ.

ಹೋಗುವವರು ಫಿಟ್ಸ್ ಬಂದಾಗ ಎದುರಿಗಿದ್ದವರನ್ನು ಕರೆದುಕೊಂಡು ಹೋಗಿ. ಅವರು ಬರಲಾಗದಿದ್ದರೆ ಮೊಬೈಲಿನಲ್ಲಿ ಯಾರಾದರೂ ಚಿತ್ರೀಕರಿಸಿದ್ದನ್ನು ತೋರಿಸಿ. ಹಿಂದಿನ ಆಸ್ಪತ್ರೆಯ ವರದಿಯ ಜೊತೆಗೆ ಎಂ.ಆರ್.ಐ. ಫಿಲ್ಮುಗಳೂ ಇರಲಿ. ಇ.ಇ.ಜಿ. ದಿನ ತಲೆಗೆ ಸ್ನಾನ ಮಾಡಿ, ಎಣ್ಣೆ ಹಚ್ಚದೆ ಬನ್ನಿ ಎನ್ನುತ್ತಾರೆ. ಹಿಂದಿನ ರಾತ್ರಿ ನಿದ್ದೆ ಕೆಡಬೇಕೆಂದು ಹೇಳಿದ್ದರೆ ಯಾರನ್ನಾದರೂ ಜೊತೆಗಿಟ್ಟುಕೊಳ್ಳಿ, ಏಕೆಂದರೆ ನಿದ್ದೆಗೆಟ್ಟ ಬೆಳಿಗ್ಗೆ ಫಿಟ್ಸ್ ಬರುವ ಸಂಭವ ಹೆಚ್ಚು. ನಿಮ್ಮ ಪಾಳಿಯ ಪಟ್ಟಿಯನ್ನೂ, ಯಾವ ಯಾವ ಕೆಲಸವನ್ನು ಯಾವ ಸಲಕರಣೆಯಿಂದ, ಯಾರ ಜೊತೆ ಮಾಡುತ್ತೀರಿ ಎಂಬುದನ್ನೂ ಒಂದು ಹಾಳೆಯಲ್ಲಿ ಬರೆದಿಟ್ಟುಕೊಳ್ಳಿ. ಪತ್ರದ ಮೂಲ ಪ್ರತಿಯನ್ನು ನಿಮ್ಮಲ್ಲೇ ಉಳಿಸಿಕೊಂಡು, ಕಚೇರಿಗೆ ನಕಲು ಕೊಟ್ಟು, ಸ್ವೀಕೃತಿಯ ಮೊಹರು ಮತ್ತು ದಿನಾಂಕ ಹಾಕಿಸಿಕೊಳ್ಳುವುದನ್ನು ಬಿಡಬೇಡಿ.